ಅಮ್ಮನ ಹೆಬ್ಬೆರಳು ಜ್ವರಕ್ಕೆ ಕೂತದ್ದು

ಪಾಠ ಮಾಡೋದು ನನ್ನ ಹೊಟ್ಟೆಪಾಡು, ಅದಕ್ಕೆ ಯಾರೂ ತಕರಾರು ತೆಗೆಯುವಂತಿಲ್ಲ. ಕಾಲೇಜಿನ ಗೇಟು ದಾಟಿದ ಮೇಲೂ ಪಾಠ ಮಾಡ್ತೀನಲ್ಲ, ಅದು ಮಾತ್ರ ಕೆಟ್ಟ ಚಾಳಿ. ಕೋಲಾರದಲ್ಲಿ ನಾನು ಪ್ರಾಣಿಶಾಸ್ತ್ರ ಹೇಳಿಕೊಡುತ್ತೇನೆ. ಬಸ್ಸಿನಲ್ಲಿ ಪಕ್ಕ ಕೂತವರು ಕೆಮ್ಮಿದರೆ ಶ್ವಾಸನಾಳದ ಒಳಪದರದಿಂದ ಶುರು ಮಾಡುತ್ತೇನೆ. ತಮ್ಮನ ಮದುವೆಯ ಊಟದಲ್ಲಿ ಎದುರು ಪಂಕ್ತಿಯವರಿಗೆ ಸಣ್ಣ ಕರುಳು ಹೇಗೆ ಕೆಲಸ ಮಾಡುತ್ತೆ ಅಂತ ವಿವರಿಸಿ, ಇಬ್ಬರು ಪಾಯಸ ಬಿಟ್ಟು ಎದ್ದು ಹೋಗಿದ್ದರು. ಕೇಳಿದವರು ಬೇಡ ಅಂದರೆ ನನಗೆ ಸಿಟ್ಟು ಬೇರೆ ಬರುತ್ತೆ.

ಪಿ.ಎಚ್.ಡಿ.ಗೆ ನಾನು ಮಾಡಿದ ಕೆಲಸ ಇಷ್ಟು. ಚರ್ಮದ ಜೀವಕೋಶಗಳನ್ನು ಪುಟ್ಟ ತಟ್ಟೆಯಲ್ಲಿ ಚಾಪೆ ಹಾಸಿದ ಹಾಗೆ ಬೆಳೆಸಬೇಕು, ನಡುವೆ ಒಂದು ಗೀರು ಎಳೆಯಬೇಕು, ಆಮೇಲೆ ಎರಡೂ ಕಡೆಯ ಕೋಶಗಳು ತೆವಳಿಕೊಂಡು ಬಂದು ಆ ಗೀರನ್ನು ಹೇಗೆ ಮುಚ್ಚುತ್ತವೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕೂರಬೇಕು. ಆರು ವರ್ಷ ಕೂತಿದ್ದೆ. ಊರಿನಲ್ಲಿ ಯಾರಾದರೂ ಮಗಳು ಏನು ಓದಿದಳು ಅಂತ ಕೇಳಿದರೆ ಅಮ್ಮ, ಗಾಯ ಮಾಡೋದು, ಮಾಯೋದನ್ನ ನೋಡೋದು, ಅಷ್ಟೇ ಅಂತ ಒಂದೇ ಮಾತಲ್ಲಿ ಮುಗಿಸುತ್ತಿದ್ದಳು. ನನ್ನ ಮಾರ್ಗದರ್ಶಕರಿಗೂ ಅಷ್ಟು ಚುಟುಕಾಗಿ ಹೇಳಲು ಬಂದಿರಲಿಲ್ಲ.

ಅಮ್ಮ ಇರೋದು ಮುಳಬಾಗಿಲು ತಾಲ್ಲೂಕಿನಲ್ಲಿ, ಆವನಿಯಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ, ತಮ್ಮ ಮತ್ತು ಅವನ ಹೆಂಡತಿಯ ಜೊತೆ. ಎರಡು ಎಕರೆ ಹಿಪ್ಪುನೇರಳೆ, ಮನೆಗೆ ಅಂಟಿಕೊಂಡೇ ರೇಷ್ಮೆ ಸಾಕುವ ಹುಳುಮನೆ. ತೋಟ ತಮ್ಮನದು, ಹುಳು ಅಮ್ಮನದು. ಹುಳುಮನೆಗೆ ಚಪ್ಪಲಿ ಹಾಕಿಕೊಂಡು ಕಾಲಿಟ್ಟವರನ್ನು ಅವಳು ಜನ್ಮದಲ್ಲಿ ಕ್ಷಮಿಸುವುದಿಲ್ಲ. ಹೊರಗಿನ ರೋಗ ಚಪ್ಪಲಿಗೆ ಅಂಟಿಕೊಂಡು ಬಂದು ಹುಳಕ್ಕೆ ಹತ್ತುತ್ತೆ ಅಂತ ಬಾಗಿಲಲ್ಲೇ ಔಷಧಿ ನೀರಲ್ಲಿ ಕಾಲು ಅದ್ದಿ, ಬರಿಗಾಲಲ್ಲಿ ಒಳಗೆ ಹೋಗಬೇಕು. ಸಕ್ಕರೆ ಕಾಯಿಲೆಯವಳು, ಪಾದಗಳಿಗೆ ಸ್ಪರ್ಶವೇ ಅರ್ಧ ಹೋಗಿದೆ, ಬರಿಗಾಲಲ್ಲಿ ಓಡಾಡಬೇಡ ಅಂತ ನಾನು ಹತ್ತು ಸಲ ಕೂಗಾಡಿದ್ದೆ. ಹುಳಕ್ಕಿಂತ ನಿನ್ನ ಬಾಯಿ ಜಾಸ್ತಿ ಆಯ್ತು ಅಂತ ಅವಳು ಹನ್ನೊಂದು ಸಲ ಹೇಳಿದ್ದಳು.

ಆಗಬಾರದ್ದು ಆಯಿತು. ಹೊಸ ಬೆಳೆಗೆ ಮುಂಚೆ ಚಂದ್ರಿಕೆಗಳನ್ನು, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಡಿಕೆಗಳನ್ನು, ಕೊಡವಿ ತೊಳೆಯುವಾಗ ಒಂದು ಬಿದಿರಿನ ಸಿಬಿರು ಬಲಗಾಲಿನ ಹೆಬ್ಬೆರಳ ಅಡಿಯಲ್ಲಿ ನಾಟಿತ್ತು. ಅಮ್ಮನಿಗೆ ಗೊತ್ತೇ ಆಗಿಲ್ಲ. ಮೂರು ದಿನ ಆದಮೇಲೆ ತಮ್ಮನ ಹೆಂಡತಿ ನೆಲದ ಮೇಲೆ ಒದ್ದೆ ಕಲೆ ನೋಡಿ, ಯಾರ ಕಾಲಿಂದ ಅಂತ ಮನೆಯವರನ್ನೆಲ್ಲ ನಿಲ್ಲಿಸಿ ನೋಡಿ ಕಂಡುಹಿಡಿದಳು. ಕೋಲಾರಕ್ಕೆ ಕರೆತಂದು ನನಗೆ ಪರಿಚಯದ ಶಸ್ತ್ರವೈದ್ಯರಿಗೆ ತೋರಿಸಿದೆವು. ಅವರು ಸಿಬಿರು ತೆಗೆದು, ತೊಳೆದು, ಕಟ್ಟು ಕಟ್ಟಿ, ಔಷಧಿ ಬರೆದು, ಕಡ್ಡಿ ಮುರಿದ ಹಾಗೆ ಹೇಳಿದರು. ಬೆರಳ ಮೇಲೆ ಭಾರ ಹಾಕಲೇಬಾರದು. ಮೂರು ವಾರ ನೋಡೋಣ. ಗಾಯದ ಅಂಚಿನಿಂದ ಹೊಸ ಚರ್ಮ ಬರದೆ ಕೀವು ಮೂಳೆಗೆ ಇಳಿದರೆ ಬೆರಳು ತೆಗೆಯಬೇಕಾಗುತ್ತೆ.

ನಮ್ಮ ಮನೇಲೇ ಇರು ಅಂದರೆ ಅಮ್ಮ ಒಪ್ಪಲಿಲ್ಲ. ಮಾರನೇ ದಿನವೇ ಮರಿಹುಳು ಬರುವುದಿತ್ತು, ಎರಡು ಜ್ವರ ದಾಟಿದ ಹುಳು. ಜ್ವರ ಅಂದರೆ ಮೈ ಬಿಸಿಯಾಗುವ ಕಾಯಿಲೆ ಅಲ್ಲ. ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಹಳೇ ಚರ್ಮ ಕಳಚಲು ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಸರಿ, ಕೂತಲ್ಲೇ ಕೂತಿರುತ್ತೇನೆ ಅಂತ ಭಾಷೆ ಕೊಟ್ಟು ಊರಿಗೆ ಹೋದಳು. ಭಾನುವಾರ ನಾನು ಊರಿಗೆ ಹೋಗಿ ನೋಡಿದರೆ ಮಂಚ ಖಾಲಿ. ಹುಳುಮನೆಯಲ್ಲಿ, ಕಟ್ಟು ಕಟ್ಟಿದ ಕಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಹಿಮ್ಮಡಿಯಲ್ಲಿ ಕುಂಟುತ್ತಾ ಹುಳದ ತಟ್ಟೆ ನೋಡುತ್ತಿದ್ದಾಳೆ. ನನ್ನ ಮೈ ಉರಿದುಹೋಯಿತು. ರಟ್ಟೆ ಹಿಡಿದು ತಂದು ಮಂಚದ ಮೇಲೆ ಕೂರಿಸಿದೆ. ಬೈದರೆ ಬಗ್ಗುವ ಜೀವ ಅಲ್ಲ ಅದು, ಹಾಗಾಗಿ ಪಾಠ ಶುರು ಮಾಡಿದೆ.

ಫೋನಿನಲ್ಲಿ ನನ್ನ ಹಳೇ ವಿಡಿಯೋ ಇತ್ತು. ಹನ್ನೆರಡು ಗಂಟೆಯ ತೆವಳಾಟ ಅರ್ಧ ನಿಮಿಷದಲ್ಲಿ ಓಡುತ್ತೆ. ಅಮ್ಮನಿಗೂ ತಮ್ಮನ ಹೆಂಡತಿಗೂ ತೋರಿಸಿದೆ. ನೋಡಿ, ಪ್ರತಿ ಕೋಶದ ಒಳಗೂ ನೂಲಿನಂಥ ಪ್ರೋಟೀನುಗಳ ಹಂದರ ಇದೆ, ಅದರಲ್ಲಿ ಆಕ್ಟಿನ್ ಅಂತ ಒಂದು. ಕೋಶದ ಮುಂದಿನ ಅಂಚಿನಲ್ಲಿ ಈ ನೂಲು ಚೂರು ಚೂರಾಗಿ ಸೇರಿ ಉದ್ದವಾಗುತ್ತೆ, ಉದ್ದವಾಗಿ ಪೊರೆಯನ್ನು ಮುಂದಕ್ಕೆ ದೂಡುತ್ತೆ. ದೂಡಿದ ಅಂಚು ತಳಕ್ಕೆ ಅಂಟುತ್ತೆ. ಅಂಟಿದ ಜಾಗಕ್ಕೂ ಒಳಗಿನ ನೂಲಿಗೂ ಗಂಟು ಬೀಳುತ್ತೆ. ಮಯೋಸಿನ್ ಅನ್ನೋ ಇನ್ನೊಂದು ಪ್ರೋಟೀನು ಆ ನೂಲನ್ನು ಹಿಡಿದು ಜಗ್ಗುತ್ತೆ. ಹಿಂದಿನ ಅಂಟು ಬಿಡುತ್ತೆ. ಕೋಶ ಒಂದು ಹೆಜ್ಜೆ ಮುಂದೆ ಬರುತ್ತೆ. ಹೀಗೆ ಒಂದೊಂದೇ ಹೆಜ್ಜೆ ಇಟ್ಟುಕೊಂಡು ನಿನ್ನ ಗಾಯ ಮುಚ್ಚಲು ಅವು ಹೊರಟಿವೆ, ನೀನು ಅವುಗಳ ಮೇಲೆ ನಿನ್ನ ಅಷ್ಟೂ ಭಾರ ಹಾಕಿ ಅಂಟೆಲ್ಲ ಕಿತ್ತುಹಾಕುತ್ತಿದ್ದೀಯ ಅಂದೆ.

ಅಮ್ಮ ಎರಡು ಸಲ ನೋಡಿದಳು. ಹುಳು ನಡೆಯೋದೂ ಹಿಂಗೇ ಕಣೇ ಅಂದಳು. ಹಿಂದಿನ ಕಾಲು ಕಚ್ಚಿ ಹಿಡಿದು, ಮುಂದಿನ ಮೈ ಚಾಚಿ, ಸಿಕ್ಕಿದ್ದನ್ನ ಹಿಡಿದು, ಹಿಂದಿನದನ್ನ ಎಳೆದುಕೊಳ್ಳುತ್ತೆ. ಇದನ್ನ ನೋಡೋಕೆ ನಿನಗೆ ಆರು ವರ್ಷ ಬೇಕಾಯ್ತಾ, ನನ್ನ ಕೇಳಿದ್ರೆ ಒಂದು ಬೆಳೇಲಿ ತೋರಿಸ್ತಿದ್ದೆ ಅಂತ ತಮ್ಮನ ಹೆಂಡತಿ ಕಡೆ ನೋಡಿ ನಕ್ಕಳು. ಆಮೇಲೆ ಒಂದು ಪ್ರಶ್ನೆ ಹಾಕಿದಳು. ಮುಂದೆ ಯಾವಾಗ ಹಿಡೀಬೇಕು, ಹಿಂದೆ ಯಾವಾಗ ಬಿಡಬೇಕು ಅಂತ ಅದಕ್ಕೆ ಹೇಳೋರು ಯಾರು? ನಿಜ ಹೇಳುತ್ತೇನೆ, ನನ್ನ ಎಂ.ಎಸ್ಸಿ. ಮಕ್ಕಳು ಒಬ್ಬರೂ ಆ ಪ್ರಶ್ನೆ ಕೇಳಿದ್ದಿಲ್ಲ. ನನಗೆ ರೆಕ್ಕೆ ಬಂದ ಹಾಗಾಯಿತು.

ಕ್ಯಾಲ್ಸಿಯಂ ಅಂದೆ. ಕೋಶ ತನ್ನೊಳಗೆ ಅದನ್ನ ತೀರಾ ಕಡಿಮೆ ಇಟ್ಟುಕೊಂಡಿರುತ್ತೆ. ಗಾಯವಾದ ಗಳಿಗೆಯಲ್ಲಿ ಅಂಚಿನ ಕೋಶಗಳೊಳಗೆ ಅದು ಸ್ವಲ್ಪ ಹೊತ್ತು ಏರುತ್ತೆ, ಅಲ್ಲಿಂದ ಪಕ್ಕದ್ದಕ್ಕೆ, ಅದರ ಪಕ್ಕದ್ದಕ್ಕೆ, ಅಲೆ ಹೋದ ಹಾಗೆ ಸುದ್ದಿ ಹೋಗುತ್ತೆ. ಆ ಸುದ್ದಿ ಮುಟ್ಟಿದ ಮೇಲೆ ಜಗ್ಗುವ ಪ್ರೋಟೀನು ಜಗ್ಗುತ್ತೆ, ಹಳೇ ಅಂಟು ಸಡಿಲವಾಗುತ್ತೆ. ಕೋಶದ ಹೊರಗೂ ಅದು ಬೇಕು, ಇಲ್ಲದಿದ್ದರೆ ಅಕ್ಕಪಕ್ಕದ ಕೋಶಗಳು ಹಿಡಿದುಕೊಂಡ ಕೈ ಬಿಟ್ಟುಬಿಡುತ್ತವೆ. ತಮ್ಮನ ಹೆಂಡತಿ, ಕ್ಯಾಲ್ಸಿಯಂ ಅಂದರೆ ಹಾಲಿನಲ್ಲಿ ಇರೋದಾ ಅಕ್ಕ ಅಂತ ಕೇಳಿದಳು. ಹಾಲಲ್ಲೂ ಇದೆ, ರಾಗಿಯಲ್ಲೂ ಇದೆ, ಅಗೋ ಅಲ್ಲೂ ಇರೋದು ಅದೇ ಅಂತ ಹುಳುಮನೆ ಬಾಗಿಲ ಪಕ್ಕದ ಸುಣ್ಣದ ಪುಡಿ ಚೀಲ ತೋರಿಸಿದೆ. ಈ ಬೆರಳಿನಿಂದಲೇ ತೋರಿಸಿದೆ.

ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಕೊನೆಗೆ ಅಮ್ಮನ ಮನಸ್ಸಿಗೆ ನಾಟುವ ಹಾಗೆ ಹೇಳಬೇಕು ಅಂತ ಹೊರಟೆ. ಅವತ್ತೇ ಹುಳು ಮೂರನೇ ಜ್ವರಕ್ಕೆ ಕೂರುತ್ತಿತ್ತು. ಜ್ವರಕ್ಕೆ ಕೂತ ಹುಳಾನ ಯಾರಾದರೂ ಅಲ್ಲಾಡಿಸಿದರೆ ನೀನು ಬಿಡ್ತೀಯಾ ಅಂತ ಕೇಳಿದೆ. ಕೈ ಮುರೀತೀನಿ ಅಂದಳು. ನಿನ್ನ ಹೆಬ್ಬೆರಳೂ ಈಗ ಜ್ವರಕ್ಕೆ ಕೂತಿದೆ ಅಂತ ತಿಳ್ಕೋ, ಹೊಸ ಚರ್ಮ ಬರೋವರೆಗೂ ಹುಳಾನ ಹೇಗೆ ನೋಡ್ಕೋತೀಯೋ ಹಾಗೇ ನೋಡ್ಕೋ ಅಂದೆ. ಅಮ್ಮ ಗಂಭೀರವಾಗಿ ತಲೆಯಾಡಿಸಿದಳು. ಇಷ್ಟು ವರ್ಷದಲ್ಲಿ ನನ್ನ ಒಂದು ಪಾಠ ಅವಳ ತಲೆಗೆ ಹೋಯಿತು ಅಂತ ಸಂಜೆ ಬಸ್ಸಿನಲ್ಲಿ ಕೋಲಾರದವರೆಗೂ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಂಗಳವಾರ ತರಗತಿ ಮುಗಿಸಿ ಬರುವಾಗ ತಮ್ಮನ ಹೆಂಡತಿಯ ಫೋನು. ಸಂತೋಷದಲ್ಲಿದ್ದಳು. ಅತ್ತೆ ಈಗ ಮಂಚ ಬಿಟ್ಟು ಇಳಿಯೋದೇ ಇಲ್ಲ ಅಕ್ಕ, ಗಾಯಾನೂ ಒಳ್ಳೇ ಒಣಗಿದೆ, ಬೆಳ್ಳಗಾಗಿದೆ ಅಂದಳು. ಬೆಳ್ಳಗೆ ಯಾಕೆ ಆಯಿತು ಅಂತ ಕೇಳಿದೆ. "ನೀವು ಹೇಳಿದಂಗೇ ಅಕ್ಕ, ನಿನ್ನೆ ಬೆಳಿಗ್ಗೆಯಿಂದ ಕಟ್ಟು ಬಿಚ್ಚಿ ಸುಣ್ಣ ಉದುರಿಸ್ತಿದ್ದೀವಿ."

ಓದುವವರಿಗೆ ಇದು ಹೇಳಬೇಕು. ಹುಳು ಜ್ವರಕ್ಕೆ ಕೂತಾಗ ಹಾಸು ಒದ್ದೆಯಾಗಬಾರದು, ರೋಗ ಹತ್ತಬಾರದು ಅಂತ ನಮ್ಮಲ್ಲಿ ಬಟ್ಟೆಯಲ್ಲಿ ಕಟ್ಟಿದ ಸುಣ್ಣದ ಪುಡಿಯನ್ನು ಹುಳದ ಮೇಲೆ ತೆಳ್ಳಗೆ ಉದುರಿಸುತ್ತಾರೆ. ಅಪ್ಪಟ ಸರಿಯಾದ ಕ್ರಮ ಅದು. ಬೆರಳು ಜ್ವರಕ್ಕೆ ಕೂತಿದೆ ಅಂದವಳು ನಾನು. ಹುಳದ ಹಾಗೇ ನೋಡಿಕೋ ಅಂದವಳು ನಾನು. ಕೋಶಕ್ಕೆ ಬೇಕಾದ್ದು ಆ ಚೀಲದಲ್ಲಿದೆ ಅಂತ ಬೆರಳು ಮಾಡಿ ತೋರಿಸಿದವಳೂ ನಾನೇ. ಅತ್ತೆ ಸೊಸೆ ಇಬ್ಬರೂ ನನ್ನ ಪಾಠವನ್ನು ಒಂದು ಅಕ್ಷರ ಬಿಡದೆ ಪಾಲಿಸಿದ್ದರು. ಕೋಶಕ್ಕೆ ಬೇಕಾದ್ದು ಕಣ್ಣಿಗೆ ಕಾಣದಷ್ಟು ಕ್ಯಾಲ್ಸಿಯಂ, ಅದೂ ರಕ್ತದಿಂದಲೇ ಬರುತ್ತೆ. ಸುಣ್ಣದ ಪುಡಿ ಒದ್ದೆ ಗಾಯಕ್ಕೆ ಬಿದ್ದರೆ ಸುಡುತ್ತೆ. ತೆವಳಿಕೊಂಡು ಬರುತ್ತಿದ್ದ ಕೋಶಗಳನ್ನು ಸಾಲಾಗಿ ಸುಟ್ಟು ಹಾಕಿದ್ದೆವು, ಅಮ್ಮನ ಪಾದಕ್ಕೆ ಉರಿ ಗೊತ್ತಾಗಿರಲಿಲ್ಲ.

ಕಾಲೇಜಿನ ವರಾಂಡದಲ್ಲಿ ನಿಂತು ಕಿರುಚಿದೆ. ಪುಡಿ ಒಣಬಟ್ಟೆಯಿಂದ ಒರೆಸಿ, ಆಮೇಲೆ ನೀರು ಸುರಿಯುತ್ತಲೇ ಇರಿ, ತಕ್ಷಣ ಗಾಡಿ ಹತ್ತಿಸಿ ಅಂತ. ತಮ್ಮ ತನ್ನ ವ್ಯಾನಿನಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಬರುವಷ್ಟರಲ್ಲಿ ನಾನು ವೈದ್ಯರ ಬಾಗಿಲಲ್ಲಿದ್ದೆ.

ಡಾಕ್ಟ್ರು ಕಾಲಿಗೆ ಸುತ್ತಿದ್ದ ಒದ್ದೆ ಬಟ್ಟೆ ಬಿಚ್ಚಿದರು. ಗಾಯದ ಅಂಚು ಬೂದುಬಣ್ಣಕ್ಕೆ ತಿರುಗಿ ಸತ್ತ ಚರ್ಮ ಸುತ್ತಿಕೊಂಡಿತ್ತು. ಅವರು ತೊಳೆದರು, ಬಹಳ ಹೊತ್ತು ತೊಳೆದರು, ಸತ್ತದ್ದನ್ನು ಕತ್ತರಿಸಿ ತೆಗೆದರು. ಆಮೇಲೆ ತಲೆ ಎತ್ತಿ, ಇದನ್ನ ಹಾಕು ಅಂತ ಹೇಳಿದ ಮಹಾತಾಯಿ ಯಾರು ಅಂತ ಕೇಳಿದರು. ತಮ್ಮನ ಹೆಂಡತಿ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿದ್ದ ಪಾದದ ಮೂಳೆಗಳ ಚಿತ್ರ ನೋಡಿದೆ.

"ನಾನೇ ಹಾಕ್ಕೊಂಡೆ ಸಾರ್," ಅಂದಳು ಅಮ್ಮ. "ಮಗಳು ಬೇಡ ಬೇಡ ಅಂದ್ಲು. ಹಳ್ಳಿಯೋಳು, ನಾನೇ ಕೇಳಲಿಲ್ಲ."

ಡಾಕ್ಟ್ರು ನನ್ನ ಕಡೆ ತಿರುಗಿ, ನಿಮ್ಮಂಥ ಓದಿದವರು ಮನೇಲಿದ್ದೂ ಹೀಗಾದರೆ ಹೇಗೆ ಮೇಡಂ ಅಂದರು. ನಾನು ಸುಮ್ಮನಿದ್ದಿದ್ದರೂ ಒಂದು ಮರ್ಯಾದೆ ಇರುತ್ತಿತ್ತು. ಎಷ್ಟು ಹೇಳಿದ್ರೂ ಕೇಳಲ್ಲ ಸಾರ್ ಇವರು ಅಂದೆ. ಹಾಗಂತ ನನ್ನ ಬಾಯಿಂದ ಬಂತು. ಅವರು ನಿಟ್ಟುಸಿರು ಬಿಟ್ಟು, ಇನ್ನು ಎರಡು ವಾರ ಮಾತ್ರ, ಅಂಚು ಜರುಗದಿದ್ದರೆ ಬೆರಳು ಉಳಿಸೋ ಮಾತೇ ಬೇಡ ಅಂದರು.

ನಾನು ಕಾಲೇಜಿಗೆ ರಜೆ ಹಾಕಿ ಊರಿಗೆ ಹೋದೆ. ಪ್ರಾಯಶ್ಚಿತ್ತ ಅಂತ ದೊಡ್ಡ ಮಾತು ಬೇಡ, ಹೆದರಿಕೆ ಅಷ್ಟೇ. ಅಮ್ಮ ಕೆಳಗೆ ಇಳಿಯಕೂಡದು ಅಂದರೆ ಅಮ್ಮನ ಕೆಲಸ ಬೇರೆ ಯಾರಾದರೂ ಮಾಡಲೇಬೇಕು, ಆ ಯಾರಾದರೂ ನಾನೇ ಆದೆ. ಮಂಚವನ್ನು ಹುಳುಮನೆಯ ಕಿಟಕಿಗೆ ಒತ್ತಿ ಹಾಕಿಸಿಕೊಂಡಳು. ದಿಂಬಿನ ಮೇಲೆ ಕಾಲಿಟ್ಟು, ಕಿಟಕಿಗೆ ಮುಖ ಕೊಟ್ಟು, ಬೆಳಗಾದರೆ ನನ್ನ ಮೇಲೆ ಆಡಳಿತ ಶುರು. ಸೊಪ್ಪು ಕತ್ತರಿಸೋದು ದಪ್ಪ ಆಯಿತು. ಆ ಮೂಲೆ ತಟ್ಟೆಗೆ ಬೀಳಲಿಲ್ಲ. ಹುಳದ ಮೇಲೆ ಉಸಿರು ಬಿಡಬೇಡ. ಪ್ರಾಣಿಶಾಸ್ತ್ರ ಓದಿದೋಳು ಹುಳ ಎತ್ತೋದು ನೋಡು, ಚೇಳು ಎತ್ತಿದಂಗೆ ಎತ್ತವ್ಳೆ ಅಂತ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಹೇಳುವಳು. ನನಗೆ ರೇಗಿ, ನಿನ್ನ ಹುಳ ನೀನೇ ನೋಡ್ಕೋ ಅಂತ ಬಾಯಿಗೆ ಬರೋದು, ನುಂಗಿಕೊಳ್ಳುತ್ತಿದ್ದೆ. ಹಾಗೆ ಅಂದರೆ ಅವಳು ನಿಜವಾಗಿ ಇಳಿದುಬಿಡುವ ಪೈಕಿ.

ಕಟ್ಟು ಬದಲಾಯಿಸುವಾಗ ಮಾತ್ರ ಇಬ್ಬರ ಜಗಳಕ್ಕೂ ಬಿಡುವು. ತಮ್ಮನ ಹೆಂಡತಿ ಉಪ್ಪುನೀರಿನ ಬಾಟಲಿ ಹಿಡಿದಿರುತ್ತಿದ್ದಳು, ನಾನು ಗಾಯ ನೋಡುತ್ತಿದ್ದೆ. ತಟ್ಟೆಯಲ್ಲಿ ಗೀರು ಎಳೆದು ಕೋಶ ಸತ್ತರೆ ಇನ್ನೊಂದು ತಟ್ಟೆ ತೆಗೆದುಕೊಳ್ಳುತ್ತಿದ್ದೆ ನಾನು, ಲೆಕ್ಕವಿಲ್ಲದಷ್ಟು ತಟ್ಟೆ ಎಸೆದಿದ್ದೇನೆ. ಮೊದಲ ಐದು ದಿನ ಅಂಚು ಇದ್ದಲ್ಲೇ ಇತ್ತು. ಆರನೇ ದಿನವೂ ಇದ್ದಲ್ಲೇ ಇತ್ತು. ಅಮ್ಮ ನನ್ನ ಮುಖ ನೋಡಿ, ಗಾಯ ಮುಚ್ಚೋಕೆ ನಿನ್ನ ಕೂಲಿಯೋರು ಬಂದವ್ರಾ ಅಂತ ಕೇಳಿದಳು. ಬರ್ತಾ ಇದಾರೆ ಅಂದೆ. ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಎಂಟನೇ ದಿನ ಗಾಯದ ಒಂದು ಪಕ್ಕದಲ್ಲಿ ತೆಳ್ಳನೆ ಗುಲಾಬಿ ಅಂಚು ಕಂಡಿತು, ಉಗುರಿನ ದಪ್ಪದಷ್ಟು. ಬೆಳಕಿಗೆ ಕಾಲು ತಿರುಗಿಸಿ ಮತ್ತೆ ಮತ್ತೆ ನೋಡಿದೆ. ನನಗೆ ಕಣ್ಣಿಗೆ ಕಾಣದ್ದೆಲ್ಲ ಕಂಡ ಹಾಗಾಯಿತು, ಎಲ್ಲೋ ಒಂದು ಕೋಶ ನೂಲು ಚಾಚಿ, ಅಂಟಿ, ಜಗ್ಗಿ, ಹಿಂದಿನದನ್ನು ಬಿಟ್ಟು ಬಂದಿತ್ತು. ಪಾಠ ಬಾಯಿಗೆ ಬಂತು. ಮೊದಲ ಸಲ ನುಂಗಿಕೊಂಡೆ. ಸ್ವಲ್ಪ ಬಂದಿದೆ ಅಂದೆ, ಅಷ್ಟೇ.

ಅಷ್ಟರಲ್ಲಿ ಹುಳು ಹಣ್ಣಾಗುವ, ಅಂದರೆ ತಿನ್ನೋದು ಬಿಟ್ಟು ಗೂಡು ಕಟ್ಟಲು ತಯಾರಾಗುವ, ದಿನ ಬಂತು, ಅದೂ ಡಾಕ್ಟ್ರ ಹತ್ತಿರ ಹೋಗುವ ಹಿಂದಿನ ದಿನವೇ. ಹಣ್ಣಾದ ಹುಳು ಕಾಯುವುದಿಲ್ಲ. ಮೈ ಹಳದಿಗೆ ತಿರುಗಿದವನ್ನು ಆರಿಸಿ ಆರಿಸಿ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ಸೊಪ್ಪಿನ ಮೇಲೇ ನೂಲು ಬಿಟ್ಟು ವ್ಯರ್ಥವಾಗುತ್ತೆ. ನಾವು ಮೂವರು, ಜೊತೆಗೆ ಪಕ್ಕದ ಮನೆಯವರು, ಕೈ ಸಾಲಲಿಲ್ಲ. ನಾನು ಇನ್ನೂ ಸೊಪ್ಪು ತಿನ್ನುವ ಹುಳುವನ್ನೂ ಹಣ್ಣು ಅಂತ ಎತ್ತಿ ಹಾಕುತ್ತಿದ್ದೆ. ಕಿಟಕಿಯಲ್ಲಿ ಅಮ್ಮ ಮೊದಲು ಬೈದಳು, ಆಮೇಲೆ ಬೇಡಿಕೊಂಡಳು, ಆಮೇಲೆ ಸದ್ದಿಲ್ಲ. ತಿರುಗಿ ನೋಡಿದರೆ ಎಡಗಾಲು ನೆಲಕ್ಕೆ ಇಟ್ಟಾಗಿತ್ತು, ಬಲಗಾಲು ದಿಂಬಿನಿಂದ ಎದ್ದಿತ್ತು.

ನಾನು ಕೂಗಲಿಲ್ಲ. ನನ್ನ ಕೈ ತುಂಬ ಹುಳ ಇದ್ದವು. "ಅಮ್ಮ, ನಿನ್ನ ಕಾಲು ಹಿಡ್ಕೋತೀನಿ, ಇಳೀಬೇಡ," ಅಂದೆ.

ಅಮ್ಮ ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಮತ್ತೆ ದಿಂಬಿನ ಮೇಲೆ ಇಟ್ಟುಕೊಂಡಳು. ತಟ್ಟೆಗಳನ್ನೇ ಇಲ್ಲಿಗೆ ತನ್ನಿ ಅಂದಳು. ಒಂದೊಂದೇ ತಟ್ಟೆ ಅವಳ ತೊಡೆಯ ಮೇಲೆ ಇಟ್ಟೆವು, ಪಕ್ಕದಲ್ಲಿ ಚಂದ್ರಿಕೆ ನಿಲ್ಲಿಸಿದೆವು. ಸಂಜೆಯ ಹೊತ್ತಿಗೆ ಎಲ್ಲ ಮುಗಿಯಿತು. ಬೆಳೆ ಅಷ್ಟೇನೂ ಚೆನ್ನಾಗಿ ಬರಲಿಲ್ಲ, ಅದಕ್ಕೆ ಕಾರಣ ಯಾರು ಅಂತ ಅಮ್ಮ ಈಗಲೂ ಹೆಸರು ಹೇಳದೆ ಹೇಳುತ್ತಾಳೆ.

ಮಾರನೇ ದಿನ ಡಾಕ್ಟ್ರು ಕಟ್ಟು ಬಿಚ್ಚಿ, ಕನ್ನಡಕ ಮೇಲಕ್ಕೆ ತಳ್ಳಿ, ಅಳತೆಪಟ್ಟಿ ಇಟ್ಟು ನೋಡಿದರು. ಸುತ್ತಲೂ ಹೊಸ ಚರ್ಮ ಒಳಕ್ಕೆ ಬಂದಿದೆ, ತಳ ಶುದ್ಧವಾಗಿದೆ, ಪೂರ್ತಿ ಮುಚ್ಚಲು ಇನ್ನೂ ತಿಂಗಳು ಬೇಕು, ಆದರೆ ಬೆರಳು ತೆಗೆಯೋದು ಬೇಡ ಅಂದರು. ಅಮ್ಮ ಅವರಿಗೆ ಕೈ ಮುಗಿದಳು. ಅವರು ನಗುತ್ತಾ, ನನಗಲ್ಲ, ನಿಮ್ಮ ಮಗಳಿಗೆ ಮುಗೀರಿ, ಈ ಸಲ ಅವರ ಮಾತು ಕೇಳಿದ್ದೀರಿ ಅಂದರು.

ನನಗೆ ತಡೆಯಲಾಗಲಿಲ್ಲ. "ಸುಣ್ಣ ಹಾಕಿದ್ದೂ ನನ್ನ ಮಾತು ಕೇಳಿಯೇ ಸಾರ್," ಅಂದೆ. "ಅವತ್ತು ನಾನು ಸುಳ್ಳು ಹೇಳಿದೆ."

ಅವರು ಪೆನ್ನು ಎತ್ತಿ ಹಿಡಿದು ನನ್ನನ್ನೇ ನೋಡಿದರು. ಆಮೇಲೆ ಮಾತ್ರೆ ಬರೆದುಕೊಟ್ಟರು. ನನಗೆ ಎದೆ ಹಗುರವಾಯಿತು. ಒಳ್ಳೆಯವಳಾಗಿಬಿಟ್ಟೆ ಅನ್ನಿಸಿತು.

ತಮ್ಮ ಗಾಡಿ ತರುವವರೆಗೆ ಹೊರಗಿನ ಬೆಂಚಿನ ಮೇಲೆ ಅಮ್ಮನ ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ರಸ್ತೆಯಲ್ಲಿ ಟೊಮೇಟೊ ಕ್ರೇಟು ತುಂಬಿದ ಲಾರಿಗಳು ಮಂಡಿ ಕಡೆ ಹೋಗುತ್ತಿದ್ದವು. ಅಮ್ಮ ಅವನ್ನೇ ನೋಡುತ್ತಿದ್ದಳು. ನಾನು ಹೊಗಳಿಕೆ ಕಾಯುತ್ತಿದ್ದೆ.

"ಬೆರಳು ಹೋಗಿದ್ದಿದ್ರೆ ಹೇಳ್ತಿದ್ಯಾ?" ಅಂತ ಕೇಳಿದಳು.

ಹ್ಞೂಂ ಅನ್ನಲು ಬಾಯಿ ತೆರೆದೆ. ಅವಳು ನನ್ನ ಕಡೆ ತಿರುಗಿಯೂ ಇರಲಿಲ್ಲ, ಹ್ಞೂಂ ಅಂದಿದ್ದರೆ ಒಪ್ಪಿಕೊಂಡುಬಿಡುತ್ತಿದ್ದಳು. ಇಲ್ಲ ಅಮ್ಮ ಅಂದೆ.

"ಗೊತ್ತು ಕಣೇ," ಅಂದಳು. "ಅದಕ್ಕೇ ಅವತ್ತು ನಾನು ಮೊದಲು ಮಾತಾಡಿದ್ದು."